ಐದನೇ ಬಟನ್

ನಮ್ಮ ಅಂಗಡಿ ಇರುವುದು ಮೈಸೂರಿನ ಸರಸ್ವತಿಪುರಂನಲ್ಲಿ. ಮಾನಸಗಂಗೋತ್ರಿಗೆ ನಡೆದೇ ಹೋಗಬಹುದು. ಜೆರಾಕ್ಸ್, ಪ್ರಿಂಟ್, ಡಿಟಿಪಿ, ಸ್ಪೈರಲ್ ಬೈಂಡಿಂಗ್. ಪಿಎಚ್‌ಡಿ ಮಾಡುವವರ ಪ್ರಬಂಧ ಟೈಪ್ ಮಾಡುತ್ತಾ ನನಗೆ 16 ವರ್ಷ ಕಳೆದಿದೆ. ಕೋಡ್ ಬರೆಯಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಓಪನ್ ಸೋರ್ಸ್ (ಒಳಗಿನ ಕೋಡನ್ನು ಯಾರು ಬೇಕಾದರೂ ನೋಡಿ ತಿದ್ದಬಹುದಾದ ತಂತ್ರಾಂಶ) ಅಂದ ತಕ್ಷಣ ಅದು ಇಂಜಿನಿಯರುಗಳ ಕೆಲಸ ಅಂತ ಸುಮ್ಮನಾಗುವವರೇ ಜಾಸ್ತಿ, ಐದು ವರ್ಷದ ಹಿಂದಿನವರೆಗೆ ನಾನೂ ಹಾಗೇ ಅಂದುಕೊಂಡಿದ್ದೆ. ಈಗ ಪ್ರತಿ ಭಾನುವಾರ ಬೆಳಿಗ್ಗೆ ಎರಡು ಮೂರು ಗಂಟೆ ನಾನು ಮಾಡುವ ಕೆಲಸಕ್ಕೆ ಬಗ್ ಟ್ರಯಾಜ್ ಅಂತ ಹೆಸರು, ಅಂದರೆ ತಂತ್ರಾಂಶದ ತಪ್ಪುಗಳ ಬಗ್ಗೆ ಬಂದ ದೂರುಗಳನ್ನು ಪರೀಕ್ಷಿಸಿ ವಿಂಗಡಿಸುವುದು. ಅದರಲ್ಲೂ ಕಣ್ಣು ಕಾಣದವರಿಗೆ, ಕಿವಿ ಕೇಳದವರಿಗೆ, ಕೈ ನಡುಗುವವರಿಗೆ ಅಡ್ಡ ಬರುವ ಬಗ್‌ಗಳು.

ಶುರುವಾಗಿದ್ದು ಒಂದು ಪೆನ್‌ಡ್ರೈವ್‌ನಿಂದ.

ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬರು ಮೇಷ್ಟ್ರಿದ್ದಾರೆ. ಮಂಡ್ಯದಲ್ಲಿ ಪಿಯು ಮಕ್ಕಳಿಗೆ ಇತಿಹಾಸ ಹೇಳಿಕೊಡುತ್ತಾರೆ, ದಿನಾ ರೈಲಿನಲ್ಲಿ ಹೋಗಿ ಬರುತ್ತಾರೆ. ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ತಿಲಕ್‌ನಗರದ ಅಂಧ ಮಕ್ಕಳ ಶಾಲೆಯಲ್ಲಿ ಬ್ರೈಲ್ ಕಲಿತವರು. ಒಂದು ಸಂಜೆ ಅಂಗಡಿಗೆ ಬಂದು, "ನೀನು ಟೈಪ್ ಮಾಡಿಕೊಟ್ಟಿದ್ದನ್ನ ನನ್ನ ಲ್ಯಾಪ್‌ಟಾಪ್ ಓದ್ತಾ ಇಲ್ಲ ಕಣಮ್ಮ, ಒಂದ್ಸಲ ಕೇಳು" ಅಂತ ಹೆಡ್‌ಫೋನ್ ಕೊಟ್ಟರು. ಕೇಳಿದೆ. 'ಕನ್ನಡ' ಅಂತ ನಾನು ಟೈಪ್ ಮಾಡಿದ್ದ ಜಾಗದಲ್ಲಿ ಅದು ಪಿ, ಎ, ಪೌಂಡ್, ಮತ್ತೆ ಎ, ಆಮೇಲೆ ಕ್ಯೂ ಅಂತ ಇಂಗ್ಲಿಷ್ ಅಕ್ಷರ ಒದರುತ್ತಿತ್ತು. ನಾನು 'ನುಡಿ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದೆ. ಆ ಫಾಂಟುಗಳಲ್ಲಿ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ, ಮೇಲೆ ಕಾಣುವ ಆಕಾರ ಮಾತ್ರ ಕನ್ನಡದ್ದು. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅರ್ಥವಿಲ್ಲದ ಅಕ್ಷರಗಳ ರಾಶಿ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಜಾಗ ಇದೆ, ಹಾಗೆ ಟೈಪ್ ಮಾಡಿದರೆ ಕ ಅಂದರೆ ಕ ಅಂತಲೇ ತಿಳಿಯುತ್ತದೆ. ಬದಲಾಯಿಸುವ ಸೌಲಭ್ಯ ನನ್ನ ಕಂಪ್ಯೂಟರಿನಲ್ಲೇ ಇತ್ತು, ಹನ್ನೊಂದು ವರ್ಷದಲ್ಲಿ ಒಂದು ದಿನವೂ ಅದನ್ನು ಬಳಸಿರಲಿಲ್ಲ. ಯಾರೂ ಕೇಳಿರಲಿಲ್ಲ ಅಂತ ಹೇಳಬಹುದು. ಆದರೆ ಕೇಳಬೇಕಾದವರಿಗೆ ಕೇಳಬೇಕಿರುವುದು ಏನು ಅಂತ ಹೇಗೆ ಗೊತ್ತಾಗಬೇಕು? ಅವರಿಗೆ ಕೇಳಿಸಿದ್ದು ಗದ್ದಲ ಅಷ್ಟೇ.

ಹತ್ತೇ ನಿಮಿಷದಲ್ಲಿ ಬದಲಾಯಿಸಿ ಕೊಟ್ಟೆ. ಮೇಷ್ಟ್ರು ಅಲ್ಲೇ ನಿಂತು ಎರಡು ಪುಟ ಕೇಳಿದರು. ಅವರು ಕೇಳುವ ವೇಗ ನೋಡಿ ನನಗೆ ದಿಗಿಲಾಯಿತು, ತಗಡಿನ ಮೇಲೆ ರಾಗಿ ಸುರಿದ ಹಾಗೆ ಮಾತು ಉದುರುತ್ತಿತ್ತು. ಒಂದು ಪದವೂ ನನಗೆ ಸಿಗಲಿಲ್ಲ. "ಎಲ್ಲಾ ಅರ್ಥ ಆಗುತ್ತಾ ಮೇಷ್ಟ್ರೇ?" ಅಂದೆ. "ನೀನು ಪುಟ ಓದುವಾಗ ಅಕ್ಷರ ಅಕ್ಷರ ಕೂಡಿಸಿಕೊಂಡು ಓದ್ತೀಯಾ? ಹಂಗೇ" ಅಂದರು.

ಅವರು ಬಳಸುವುದು ಎನ್‌ವಿಡಿಎ. ವಿಂಡೋಸ್‌ನಲ್ಲಿ ನಡೆಯುವ, ಕಾಸು ಕೊಡಬೇಕಿಲ್ಲದ ಸ್ಕ್ರೀನ್ ರೀಡರ್, ಅಂದರೆ ಪರದೆಯಲ್ಲಿ ಇರುವುದನ್ನು ದನಿಯಲ್ಲಿ ಓದಿ ಹೇಳುವ ತಂತ್ರಾಂಶ. 2006ರಲ್ಲಿ ಆಸ್ಟ್ರೇಲಿಯಾದ ಮೈಕಲ್ ಕರ್ರನ್ ಶುರು ಮಾಡಿದ್ದು, ಆಮೇಲೆ ಜೇಮ್ಸ್ ಟೆ ಕೂಡಿಕೊಂಡರು. ಇಬ್ಬರಿಗೂ ಕಣ್ಣು ಕಾಣುವುದಿಲ್ಲ, ಚಿಕ್ಕವರಿದ್ದಾಗ ಒಂದು ಸಂಗೀತ ಶಿಬಿರದಲ್ಲಿ ಗೆಳೆಯರಾದವರು. ಲಿನಕ್ಸ್‌ನಲ್ಲಾದರೆ ಓರ್ಕಾ ಇದೆ. ಇವು ಯಾವುವೂ ಪರದೆಯ ಮೇಲಿನ ಚಿತ್ರವನ್ನು ನೋಡಿ ಓದುವುದಿಲ್ಲ ಅನ್ನುವುದು ನನಗೆ ತಡವಾಗಿ ತಿಳಿಯಿತು. ಪ್ರತಿ ತಂತ್ರಾಂಶವೂ ತನ್ನ ಬಗ್ಗೆ ತಾನೇ ಒಳಗೊಳಗೆ ಹೇಳಿಕೊಳ್ಳಬೇಕು: ಇಲ್ಲೊಂದು ಬಟನ್ ಇದೆ, ಅದರ ಹೆಸರು 'ಉಳಿಸು', ಈಗ ಅದನ್ನು ಒತ್ತಬಹುದು, ಅಂತ. ಸ್ಕ್ರೀನ್ ರೀಡರ್ ಅದನ್ನು ಎತ್ತಿಕೊಂಡು ಮಾತಾಡುತ್ತದೆ. ತಂತ್ರಾಂಶ ಬರೆದವರು ಒಂದು ಚಂದದ ಚಿತ್ರ ಹಾಕಿ, ಹೆಸರು ಕೊಡಲು ಮರೆತರೆ, ಕೇಳುವವರಿಗೆ ಬರುವುದು ಒಂದೇ ಪದ. ಬಟನ್.

ಹೀಗೆ ಹೆಸರಿಲ್ಲದ ಬಟನ್‌ಗಳಿಂದಲೇ ಮುಂದಿನದು ಆಗಿದ್ದು. ಮೇಷ್ಟ್ರು ಪಾಠದ ನೋಟ್ಸ್ ಇಡಲು ಒಂದು ಸಣ್ಣ ಓಪನ್ ಸೋರ್ಸ್ ತಂತ್ರಾಂಶ ಬಳಸುತ್ತಿದ್ದರು, ಹೆಸರು ಇಲ್ಲಿ ಬೇಡ. ಮೇಲಿನ ಸಾಲಿನಲ್ಲಿ ಐದು ಬಟನ್. ಟ್ಯಾಬ್ ಒತ್ತಿದರೆ ಬಟನ್, ಬಟನ್, ಬಟನ್, ಬಟನ್, ಬಟನ್. ಅವರು ಒಂದೊಂದನ್ನೂ ಒತ್ತಿ ನೋಡಿ, ಐದನೆಯದು ಉಳಿಸುವುದು ಅಂತ ಕಂಡುಕೊಂಡಿದ್ದರು. ಎರಡು ವರ್ಷ ಹಾಗೇ ನಡೆಯಿತು. ಒಂದು ದಿನ ಹೊಸ ಆವೃತ್ತಿ ಬಂತು, ಸಾಲಿಗೆ ಇನ್ನೊಂದು ಬಟನ್ ಸೇರಿತು. ಐದನೆಯದು ಈಗ ಅಳಿಸುವ ಬಟನ್. ಅಳಿಸಲೇ ಅಂತ ಅದು ಕೇಳಲೂ ಇಲ್ಲ. 1799ರ ಶ್ರೀರಂಗಪಟ್ಟಣದ ಮುತ್ತಿಗೆಯ ಮೇಲೆ ಅವರು ಮಕ್ಕಳಿಗಾಗಿ ಬರೆದಿಟ್ಟಿದ್ದ ನೋಟ್ಸ್ ಪೂರ್ತಿ ಹೋಯಿತು. ಅದು ಹೋಗಿದ್ದು ಅವರಿಗೆ ಗೊತ್ತಾಗಿದ್ದು ಮಾರನೇ ದಿನ, ತರಗತಿಯಲ್ಲಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮಕ್ಕಳ ಮುಂದೆ ನಿಂತಾಗ.

ನಾನು ಆ ತಂತ್ರಾಂಶದ ದೂರುಗಳ ಪಟ್ಟಿ ಹುಡುಕಿದೆ. ಓಪನ್ ಸೋರ್ಸ್‌ನಲ್ಲಿ ಅದು ಎಲ್ಲರಿಗೂ ತೆರೆದೇ ಇರುತ್ತದೆ. ಈ ಬಟನ್‌ಗಳ ಬಗ್ಗೆ ಯಾರೋ ಎರಡು ವರ್ಷದ ಹಿಂದೆಯೇ ಬರೆದಿದ್ದರು, ಮೂರು ಸಾಲು. ಕೆಳಗೆ ಒಂದೇ ಒಂದು ಉತ್ತರವಿಲ್ಲ. ತೀವ್ರತೆ ಅನ್ನುವ ಕಡೆ 'ಟ್ರಿವಿಯಲ್', ಅಂದರೆ ಕ್ಷುಲ್ಲಕ, ಅಂತ ಇತ್ತು. ಆ ಪದ ನೋಡಿದಾಗ ನನಗೆ ಬಂದ ಸಿಟ್ಟು ಈಗಲೂ ನೆನಪಿದೆ. ಯಾರೂ ಕೆಟ್ಟ ಮನಸ್ಸಿನಿಂದ ಹಾಕಿದ್ದಲ್ಲ. ಕಣ್ಣು ಕಾಣುವವರಿಗೆ ಅಲ್ಲಿ ಏನೂ ಕೆಟ್ಟಿಲ್ಲ, ಚಿತ್ರ ಕಾಣುತ್ತದೆ, ಒತ್ತಿದರೆ ಕೆಲಸ ಮಾಡುತ್ತದೆ. ಒಂದು ಹೆಸರು ಬರೆಯುವುದು ಬಾಕಿ, ಅಷ್ಟೇ ತಾನೇ ಅನ್ನಿಸುತ್ತದೆ. ತಿದ್ದಲು ಎಷ್ಟು ಕೆಲಸ ಅನ್ನುವುದನ್ನು ನೋಡಿ ತೂಕ ಹಾಕಿದ್ದರು. ಅದು ಇದ್ದುದರಿಂದ ಯಾರಿಗೆ ಏನಾಯಿತು ಅನ್ನುವುದನ್ನು ತಕ್ಕಡಿಗೆ ಹಾಕಿರಲೇ ಇಲ್ಲ.

ಅವತ್ತು ರಾತ್ರಿ ಅಂಗಡಿ ಮುಚ್ಚಿ ಎನ್‌ವಿಡಿಎ ಹಾಕಿಕೊಂಡು, ಮೇಷ್ಟ್ರು ಹೇಳಿದ ಹಾಗೇ ಮಾಡಿ ನೋಡಿ, ನನಗೆ ಬರುವ ಇಂಗ್ಲಿಷಿನಲ್ಲಿ ಬರೆದೆ. ನನಗೂ ಹೀಗೇ ಆಗುತ್ತಿದೆ. ವಿಂಡೋಸ್‌ನ ಆವೃತ್ತಿ ಇದು, ತಂತ್ರಾಂಶದ ಆವೃತ್ತಿ ಇದು, ಎನ್‌ವಿಡಿಎ ಆವೃತ್ತಿ ಇದು. ತೆರೆದು, ಟ್ಯಾಬ್ ಐದು ಸಲ ಒತ್ತಿ. ಕೇಳಿಸುವುದು 'ಬಟನ್'. ಕೇಳಿಸಬೇಕಾದದ್ದು 'ಅಳಿಸು, ಬಟನ್'. ಆಮೇಲೆ ನೋಟ್ಸ್ ಹೋದ ಕಥೆಯನ್ನೂ ಬರೆದೆ, ಮೇಷ್ಟ್ರನ್ನು ಕೇಳಿಯೇ. ಎರಡು ದಿನಕ್ಕೆ ಯಾರೋ ಬಂದು ತೀವ್ರತೆಯನ್ನು 'ಮೇಜರ್' ಮಾಡಿದರು. ನಾನು ಮಾಡಿದ್ದಕ್ಕೆ ಟ್ರಯಾಜ್ ಅನ್ನುತ್ತಾರೆ ಅಂತ ತಿಳಿದದ್ದು ಅವರು ಬರೆದ ಥ್ಯಾಂಕ್ಸ್‌ನಿಂದಲೇ.

ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಬಂದವರನ್ನೆಲ್ಲ ಒಬ್ಬರು ಮೊದಲು ನೋಡಿ, ಇವರನ್ನು ಈಗಲೇ ಒಳಗೆ ಬಿಡಿ, ಇವರು ಸ್ವಲ್ಪ ಕೂರಲಿ ಅಂತ ಹೇಳುತ್ತಾರಲ್ಲ, ಅದೇ ಕೆಲಸ. ಒಂದು ದೊಡ್ಡ ತಂತ್ರಾಂಶಕ್ಕೆ ದೂರುಗಳು ಬರುತ್ತಲೇ ಇರುತ್ತವೆ. ಪತ್ರ, ಲೆಕ್ಕ ಎಲ್ಲಾ ಮಾಡುವ ಓಪನ್ ಸೋರ್ಸ್ ತಂತ್ರಾಂಶ ಲಿಬ್ರೆ ಆಫೀಸ್‌ನಲ್ಲಾದರೆ ಹೊಸ ದೂರು ಮೊದಲು 'ಅನ್‌ಕನ್ಫರ್ಮ್ಡ್' ಅಂತ ಇರುತ್ತದೆ. ಇನ್ನೊಬ್ಬರು ತಮ್ಮ ಕಂಪ್ಯೂಟರಿನಲ್ಲಿ ಮಾಡಿ ನೋಡಿ, ಹೌದು ಅಂದ ಮೇಲೆ ಅದು 'ನ್ಯೂ' ಆಗುತ್ತದೆ. ವಿವರ ಸಾಲದಿದ್ದರೆ 'ನೀಡ್ ಇನ್ಫೋ'. ಮೊದಲೇ ಬೇರೆಯವರು ಹೇಳಿದ್ದರೆ ಎರಡನ್ನೂ ಜೋಡಿಸಬೇಕು. ಆಕ್ಸೆಸಿಬಿಲಿಟಿ ಅನ್ನುವ ಗುರುತು ಹಾಕಬೇಕು. ಈ ಪದ ಉದ್ದವಾಯಿತು ಅಂತ ಇಂಗ್ಲಿಷಿನವರು ಮೊದಲಿನ ಎ, ಕೊನೆಯ ವೈ ಉಳಿಸಿಕೊಂಡು ನಡುವಿನ 11 ಅಕ್ಷರಕ್ಕೆ 11 ಅಂತಲೇ ಬರೆಯುತ್ತಾರೆ. ನಾನು ಮನಸ್ಸಿನಲ್ಲಿ ಎಟುಕುವಿಕೆ ಅಂದುಕೊಳ್ಳುತ್ತೇನೆ. ಮೇಲಿನ ಅಟ್ಟದ ಡಬ್ಬ ಕೈಗೆ ಎಟುಕುತ್ತಾ ಇಲ್ವಾ ಅಂತ ಕೇಳುವ ಹಾಗೆ.

ಯಂತ್ರವೇ ಇದನ್ನೆಲ್ಲ ಹುಡುಕಬಾರದಾ ಅಂತ ನಮ್ಮ ಅಂಗಡಿಗೆ ಬರುವ ಒಬ್ಬ ಹುಡುಗ ಕೇಳಿದ. ಹುಡುಕುತ್ತದೆ, ಸ್ವಲ್ಪ ಮಟ್ಟಿಗೆ. ವೆಬ್‌ಏಮ್ ಅನ್ನುವ ಸಂಸ್ಥೆ ಪ್ರತಿ ವರ್ಷ 10 ಲಕ್ಷ ವೆಬ್‌ಸೈಟ್‌ಗಳ ಮುಖಪುಟವನ್ನು ಯಂತ್ರದಿಂದ ಪರೀಕ್ಷಿಸುತ್ತದೆ. 2025ರಲ್ಲಿ ಶೇ. 94.8ರಷ್ಟು ಪುಟಗಳಲ್ಲಿ ತಪ್ಪು ಸಿಕ್ಕಿತ್ತು. ಎಲ್ಲಕ್ಕಿಂತ ಜಾಸ್ತಿ ಸಿಕ್ಕಿದ್ದು ಮಸುಕು ಬಣ್ಣದ ಅಕ್ಷರ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ವ್ಯತ್ಯಾಸ ಇರಬೇಕು ಅಂತ ನಿಯಮ ಇದೆ, ಅದನ್ನು ಯಂತ್ರ ಅಳೆಯಬಲ್ಲದು. ಬಟನ್‌ಗೆ ಹೆಸರು ಇದೆಯೋ ಇಲ್ಲವೋ ಅದನ್ನೂ ಹೇಳುತ್ತದೆ. ಆದರೆ ಅಳಿಸುವ ಬಟನ್‌ಗೆ 'ಚಿತ್ರ 5' ಅಂತ ಹೆಸರು ಕೊಟ್ಟಿದ್ದರೆ? ಹೆಸರಿದೆ, ಸರಿ ಇದೆ ಅಂದುಬಿಡುತ್ತದೆ. ಅದನ್ನು ಕೇಳಿ, ಇದು ಯಾವ ಚಿತ್ರ, ಒತ್ತಿದರೆ ಏನಾಗುತ್ತದೆ ಅಂತ ಬೆವರುವುದು ಮನುಷ್ಯ.

ನಾನು ಮಾಡಿದ ಒಂದು ತಪ್ಪನ್ನು ಬರೆಯಲೇಬೇಕು. ಶುರುವಿನ ದಿನಗಳು. ಬೇರೆ ಯಾವುದೋ ದೇಶದವರು ಒಂದು ದೂರು ಹಾಕಿದ್ದರು: ಒಂದು ಕಿಟಕಿ ತೆರೆದರೆ ಅದರೊಳಗೆ ಹೋಗಲು ಆಗುತ್ತಿಲ್ಲ. ನಾನು ತೆರೆದೆ, ಒಳಗೆ ಹೋದೆ, ಎಲ್ಲಾ ಓದಿತು. ನನ್ನಲ್ಲಿ ಸರಿ ಇದೆ ಅಂತ ಬರೆದು ದೂರು ಮುಚ್ಚಿದೆ. ನಾಲ್ಕು ದಿನಕ್ಕೆ ಅವರು ಮತ್ತೆ ಬರೆದರು, ಒಂದೇ ಸಾಲು: ನೀವು ಮೌಸ್ ಮುಟ್ಟಿದಿರಾ? ಮುಟ್ಟಿದ್ದೆ. ಕಿಟಕಿ ತೆರೆದ ಮೇಲೆ ಗೊತ್ತಿಲ್ಲದೆ ಒಂದು ಸಲ ಕ್ಲಿಕ್ ಮಾಡಿದ್ದೆ, ಆ ಒಂದು ಕ್ಲಿಕ್ಕಿನಿಂದ ಫೋಕಸ್, ಅಂದರೆ ಒತ್ತಿದ ಕೀಲಿ ಎಲ್ಲಿಗೆ ತಲುಪಬೇಕು ಅನ್ನುವ ಗುರುತು, ಒಳಗೆ ಹೋಗಿತ್ತು. ಬರೀ ಕೀಬೋರ್ಡಿನಲ್ಲಿ ಮಾಡಿದರೆ ಕಿಟಕಿಯ ಹೊರಗೇ ಸುತ್ತುತ್ತಾ ಇರಬೇಕು. ಕ್ಷಮೆ ಕೇಳಿ ದೂರನ್ನು ಮತ್ತೆ ತೆರೆದೆ. ಅವರು ಮತ್ತೆ ಬರೆದರಲ್ಲ, ಅದಕ್ಕೆ ನಾನು ಋಣಿ. ಎಷ್ಟು ಜನ ಮತ್ತೆ ಬರೆಯುವುದಿಲ್ಲ! ಇಲ್ಲೂ ನನ್ನ ಮಾತು ನಂಬಲಿಲ್ಲ ಅಂತ ಹೊರಟುಬಿಡುತ್ತಾರೆ, ಅವರ ಜೊತೆಗೆ ಆ ಬಗ್ ಬಗ್ಗೆ ಗೊತ್ತಿದ್ದದ್ದೆಲ್ಲ ಹೊರಟುಹೋಗುತ್ತದೆ.

ಅಂದಿನಿಂದ ಮೌಸ್ ವೈರ್ ಕಿತ್ತಿಡುತ್ತೇನೆ. ಪರದೆಯನ್ನೂ ಕಪ್ಪು ಮಾಡುತ್ತೇನೆ, ಎನ್‌ವಿಡಿಎಯಲ್ಲೇ ಸ್ಕ್ರೀನ್ ಕರ್ಟನ್ ಅಂತ ಒಂದು ಸೌಲಭ್ಯ ಇದೆ. ಮೊದಲ ಸಲ ಹಾಗೆ ಮಾಡಿದಾಗ ನನ್ನದೇ ಕಂಪ್ಯೂಟರಿನಲ್ಲಿ ನನಗೆ ದಾರಿ ತಪ್ಪಿತು. ಮನೆಯಲ್ಲಿ ಕರೆಂಟ್ ಹೋದರೆ ಗೋಡೆ ಸವರಿಕೊಂಡಾದರೂ ಅಡುಗೆಮನೆಗೆ ಹೋಗುತ್ತೇವೆ, ಇಲ್ಲಿ ಗೋಡೆಯೇ ಇರಲಿಲ್ಲ. ಕೀಬೋರ್ಡ್ ನನ್ನ ಹೊಟ್ಟೆಪಾಡು, ನೋಡದೆ ಟೈಪ್ ಮಾಡುತ್ತೇನೆ. ಆದರೂ ಒಂದು ಫೈಲ್ ತೆರೆದು, ಎರಡನೇ ತಲೆಬರಹಕ್ಕೆ ಹೋಗಿ, ಉಳಿಸಿ ಹೊರಬರಲು ಅರ್ಧ ಗಂಟೆ ಬೇಕಾಯಿತು. ಅಷ್ಟಾದರೂ ನನಗೆ ಮೇಷ್ಟ್ರ ಅನುಭವ ಬಂತು ಅಂತ ಹೇಳುವ ಧೈರ್ಯ ನನಗಿಲ್ಲ. ಅವರು ದಿನವಿಡೀ ಮಾಡುವುದನ್ನು ನಾನು ಒಂದು ಗಂಟೆ ಮಾಡಿ, ಸುಸ್ತಾದಾಗ ಪರದೆ ಬೆಳಗಿಸಿಕೊಳ್ಳುತ್ತೇನೆ. ಅದಕ್ಕೇ ನನಗೆ ಅನುಮಾನ ಬಂದ ಪ್ರತಿ ದೂರನ್ನೂ ಅವರಿಗೆ ಕೇಳಿಸುತ್ತೇನೆ.

ಇದರಲ್ಲಿ ಕಷ್ಟದ್ದು ಅಂದರೆ ತಪ್ಪು ಯಾರ ಮನೆಯದ್ದು ಅಂತ ತಿಳಿಯುವುದು. ಒಂದು ಪಟ್ಟಿಯಲ್ಲಿ ಕೆಳಗೆ ಬಾಣದ ಕೀಲಿ ಒತ್ತಿದರೆ ಏನೂ ಮಾತಾಡುತ್ತಿಲ್ಲ ಅಂದುಕೊಳ್ಳಿ. ತಂತ್ರಾಂಶವೇ ಹೇಳುತ್ತಿಲ್ಲವೋ, ಅದು ಹೇಳಿದ್ದನ್ನು ಸ್ಕ್ರೀನ್ ರೀಡರ್‌ಗೆ ದಾಟಿಸುವ ನಡುವಿನ ಕೋಡ್ (ಲೈಬ್ರರಿ ಅನ್ನುತ್ತಾರೆ) ನುಂಗಿಕೊಂಡಿತೋ, ಸ್ಕ್ರೀನ್ ರೀಡರ್ ಎತ್ತಿಕೊಳ್ಳಲಿಲ್ಲವೋ, ಅಕ್ಷರವನ್ನು ಮಾತಾಗಿಸುವ ದನಿಯ ಎಂಜಿನ್ ಆ ಅಕ್ಷರವನ್ನೇ ಬಿಟ್ಟಿತೋ? ನಾಲ್ಕೂ ಬೇರೆ ಬೇರೆ ಗುಂಪು ನೋಡಿಕೊಳ್ಳುವ ತಂತ್ರಾಂಶ, ಒಂದೊಂದಕ್ಕೂ ಬೇರೆ ಪಟ್ಟಿ. ದೂರು ತಪ್ಪು ಮನೆಗೆ ಹೋದರೆ, ಇದು ನಮ್ಮದಲ್ಲ ಅಂತ ಅವರು ಮುಚ್ಚುತ್ತಾರೆ, ಅಲ್ಲಿಗೆ ಮುಗಿಯಿತು. ನಾನು ಮಾಡುವುದು ಸರಳ. ವಿಂಡೋಸ್‌ನಲ್ಲಿ ಎನ್‌ವಿಡಿಎ, ಲಿನಕ್ಸ್‌ನಲ್ಲಿ ಓರ್ಕಾ, ಎರಡರಲ್ಲೂ ನೋಡುತ್ತೇನೆ. ಎರಡೂ ಸುಮ್ಮನಿದ್ದರೆ ತಂತ್ರಾಂಶದ ಕಡೆ ಬೆರಳು ತೋರಿಸಬಹುದು. ಒಂದರಲ್ಲಿ ಮಾತ್ರ ಆದರೆ ಇನ್ನೂ ಅಗೆಯಬೇಕು. ಲಿನಕ್ಸ್‌ನಲ್ಲಿ ಅಕ್ಸರ್ಸೈಸರ್ ಅಂತ ಒಂದು ಉಪಕರಣ ಇದೆ, ತಂತ್ರಾಂಶ ತನ್ನ ಬಗ್ಗೆ ಒಳಗೆ ಏನು ಹೇಳಿಕೊಂಡಿದೆ ಅನ್ನುವುದನ್ನು ಮರದ ಕೊಂಬೆಗಳ ಹಾಗೆ ಬಿಡಿಸಿ ತೋರಿಸುತ್ತದೆ. ಹೆಸರಿನ ಜಾಗ ಖಾಲಿ ಇದ್ದರೆ ಅಲ್ಲೇ ಕಾಣುತ್ತದೆ. ಎನ್‌ವಿಡಿಎಯಲ್ಲಿ ಸ್ಪೀಚ್ ವ್ಯೂವರ್ ತೆರೆದರೆ ಅದು ಮಾತಾಡಿದ್ದೆಲ್ಲ ಅಕ್ಷರದಲ್ಲಿ ಬೀಳುತ್ತದೆ. ಅದನ್ನು ಹಾಗೇ ಎತ್ತಿ ದೂರಿಗೆ ಅಂಟಿಸಿದರೆ, ಸ್ಕ್ರೀನ್ ರೀಡರ್ ಬಳಸಿಯೇ ಗೊತ್ತಿಲ್ಲದ ಡೆವಲಪರ್‌ಗೂ ಅರ್ಥವಾಗುತ್ತದೆ.

ಮೇಷ್ಟ್ರು ಕನ್ನಡದಲ್ಲಿ ಹೇಳುತ್ತಾರೆ, ನಾನು ಇಂಗ್ಲಿಷಿನಲ್ಲಿ ಬರೆಯುತ್ತೇನೆ. ಅವರು ಮೊದಲು ಹೇಳುವುದು ಹೆಚ್ಚಾಗಿ ಹೀಗೆ: "ಅದು ಸುಮ್ನೆ ಕೂತ್ಬಿಡುತ್ತೆ ಕಣಮ್ಮ." ಅಷ್ಟೇ. ಅದನ್ನೇ ಬರೆದರೆ ಯಾರೂ ತಿದ್ದಲಾರರು. ಯಾವಾಗ ಮೇಷ್ಟ್ರೇ? ಅದಕ್ಕೆ ಮುಂಚೆ ಏನು ಒತ್ತಿದ್ರಿ? ಮತ್ತೆ ಒತ್ತಿದ್ರೆ ಮಾತಾಡುತ್ತಾ? ಕೇಳುತ್ತಾ ಹೋದರೆ ಅವರ ಬೆರಳಿಗೆ ಗೊತ್ತಿರುವ ದಾರಿ ಬಾಯಿಗೆ ಬರುತ್ತದೆ. ಕೆಲವು ಸಲ ಅವರಿಗೆ ಬೇಸರವೂ ಆಗುತ್ತದೆ, ಇಷ್ಟೆಲ್ಲಾ ಪುರಾವೆ ಕೊಡಬೇಕಾ ಅಂತ. ಆ ಬೇಸರ ನ್ಯಾಯವಾದದ್ದೇ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದೆ. ಕಣ್ಣು ಮಿಟುಕಿಸಿ ತೋರಿಸಿ ಅನ್ನುವ ಕೆವೈಸಿ ವಿಚಾರ ಸುಪ್ರೀಂ ಕೋರ್ಟಿಗೆ ಹೋಗಿ, ಡಿಜಿಟಲ್ ಸೌಲಭ್ಯಗಳು ಎಲ್ಲರಿಗೂ ಎಟುಕುವುದು ಬದುಕುವ ಹಕ್ಕಿನ ಭಾಗ ಅಂತ 2025ರ ಏಪ್ರಿಲ್ 30ರಂದು ತೀರ್ಪು ಬಂತು. ಮೇಷ್ಟ್ರು ಆ ದಿನ ರೈಲಿನಿಂದಲೇ ಫೋನ್ ಮಾಡಿದ್ದರು, ದನಿಯಲ್ಲಿ ಖುಷಿ ಇತ್ತು. ಆದರೆ ನಮ್ಮ ಪಟ್ಟಿಯಲ್ಲಿರುವ ಎಷ್ಟೋ ತಂತ್ರಾಂಶಗಳನ್ನು ಬರೆಯುವವರು ಸಂಬಳವಿಲ್ಲದೆ, ರಾತ್ರಿ ಮಕ್ಕಳು ಮಲಗಿದ ಮೇಲೆ ಬರೆಯುವವರು. ಅವರ ಮೇಲೆ ರೇಗಿ ಪ್ರಯೋಜನವಿಲ್ಲ, ನಾನು ರೇಗುವುದೂ ಇಲ್ಲ. ಆದರೆ 'ಟ್ರಿವಿಯಲ್' ಅನ್ನುವ ಪದ ಕಂಡರೆ ಮಾತ್ರ ಸುಮ್ಮನೆ ದಾಟಿ ಹೋಗುವುದಿಲ್ಲ. ಇದರಿಂದ ಒಬ್ಬರಿಗೆ ಯಾವ ಕೆಲಸ ಪೂರ್ತಿ ನಿಂತುಹೋಗುತ್ತದೆ, ಬೇರೆ ದಾರಿ ಇದೆಯಾ, ಆ ದಾರಿ ಅಪಾಯದ್ದಾ, ಮೂರೂ ಬರೆಯುತ್ತೇನೆ. ಐದನೇ ಬಟನ್ ಅಂತ ಎಣಿಸಿಕೊಂಡು ಒತ್ತುವುದೂ ಒಂದು ಬೇರೆ ದಾರಿಯೇ ಆಗಿತ್ತಲ್ಲ.

ಕನ್ನಡಕ್ಕೆ ಸಂಬಂಧಿಸಿದ್ದನ್ನು ನಾವೇ ನೋಡಬೇಕು, ಬೇರೆ ಯಾರು ನೋಡುತ್ತಾರೆ? ಈಸ್ಪೀಕ್ ಎನ್‌ಜಿ ಅಂತ ಒಂದು ಓಪನ್ ಸೋರ್ಸ್ ದನಿಯ ಎಂಜಿನ್ ಇದೆ, ಎನ್‌ವಿಡಿಎ ಜೊತೆಗೇ ಬರುತ್ತದೆ, ಕನ್ನಡ ಓದುತ್ತದೆ. ಯಾವ ಅಕ್ಷರಕ್ಕೆ ಯಾವ ಉಚ್ಚಾರ ಅನ್ನುವುದು ಸಾದಾ ಪಠ್ಯದ ಕಡತಗಳಲ್ಲಿ ಇದೆ, ನಿಯಮಗಳದ್ದು ಒಂದು, ನಿಯಮಕ್ಕೆ ಸಿಗದ ಪದಗಳದ್ದು ಇನ್ನೊಂದು. ಯಾವ ಪದವನ್ನು ಹೇಗೆ ಓದಿತು, ಹೇಗೆ ಓದಬೇಕಿತ್ತು, ಹ್ರಸ್ವವೋ ದೀರ್ಘವೋ, ಅರ್ಕಾವತ್ತು ಎಲ್ಲಿ ಕೇಳಿಸಬೇಕು, ಇದನ್ನು ಕಿವಿ ಇರುವ ಯಾವ ಕನ್ನಡಿಗರೂ ಬರೆದು ತಿಳಿಸಬಹುದು. ನಮ್ಮ ಊರಲ್ಲೇ ವಾಕ್ ಶ್ರವಣ ಸಂಸ್ಥೆ ಇದೆ, ಭಾರತೀಯ ಭಾಷಾ ಸಂಸ್ಥಾನ ಇದೆ. ನನ್ನ ಹತ್ತಿರ ಪ್ರಬಂಧ ಟೈಪ್ ಮಾಡಿಸಲು ಬರುವ ಭಾಷಾವಿಜ್ಞಾನದ ಹುಡುಗಿಯರಿಗೆ ಬೈಂಡಿಂಗ್ ಒಣಗುವಷ್ಟರಲ್ಲಿ ಇದನ್ನೇ ಹೇಳುತ್ತೇನೆ. ಇಬ್ಬರು ಈಗ ಭಾನುವಾರ ಬರುತ್ತಿದ್ದಾರೆ. ಒಬ್ಬಳು ಬಂದ ಮೊದಲ ವಾರವೇ, ನಾನು ಬೇರೆ ಬೇರೆ ಅಂದುಕೊಂಡಿದ್ದ ಮೂರು ದೂರುಗಳು ಒಂದೇ ಅಂತ ಕಂಡುಹಿಡಿದಳು. ಮೂರನ್ನೂ ಜೋಡಿಸಿದೆವು.

ಮೇಷ್ಟ್ರ ಬಟನ್‌ಗೆ ಹೆಸರು ಬಂತಾ ಅಂತ ಕೇಳುತ್ತೀರಿ. ಬಂತು, ಹದಿನಾಲ್ಕು ತಿಂಗಳಾದ ಮೇಲೆ. ತಿದ್ದಿದ್ದು ಕೆಲವೇ ಸಾಲು. ಅಳಿಸುವ ಮುಂಚೆ ಒಂದು ಪ್ರಶ್ನೆಯನ್ನೂ ಸೇರಿಸಿದ್ದರು, ನಾನು ಕೇಳಿರಲಿಲ್ಲ, ಕಥೆ ಓದಿ ಅವರೇ ಸೇರಿಸಿದ್ದು. ಹೊಸ ಆವೃತ್ತಿ ಬಂದ ಭಾನುವಾರ ಮೇಷ್ಟ್ರು ಲ್ಯಾಪ್‌ಟಾಪ್ ತಂದು ಅಂಗಡಿಯ ಕಟ್ಟೆಯ ಮೇಲೆ ಕೂತರು. ನನಗೂ ಕೇಳಲಿ ಅಂತ ಇಯರ್‌ಫೋನ್ ತೆಗೆದು, ಮಾತಿನ ವೇಗ ಇಳಿಸಿದರು. ಟ್ಯಾಬ್ ಒತ್ತಿದರು. ಹೊಸದು, ಬಟನ್. ತೆರೆ, ಬಟನ್. ಹುಡುಕು, ಬಟನ್. ಮುದ್ರಿಸು, ಬಟನ್. ಅಳಿಸು, ಬಟನ್. ಉಳಿಸು, ಬಟನ್.

ಅಲ್ಲಿ ನಿಂತರು. ಒತ್ತಲಿಲ್ಲ. ಹಿಂದಕ್ಕೆ ಹೋಗಿ ಮತ್ತೆ ಮೊದಲಿನಿಂದ ಬಂದರು, ಎಡಗೈ ಹೆಬ್ಬೆರಳು ಪ್ರತಿ ಟ್ಯಾಬ್‌ಗೂ ಒಂದೊಂದು ಬೆರಳಿನ ಗೆರೆ ಮುಟ್ಟುತ್ತಿತ್ತು.

"ಈಗ ಹೆಸರು ಹೇಳುತ್ತಲ್ಲ ಮೇಷ್ಟ್ರೇ, ಯಾಕೆ ಎಣಿಸ್ತೀರಿ?"

"ಕಿವಿಗೆ ಗೊತ್ತಾಗಿದೆ ಕಣಮ್ಮ" ಅಂದರು. "ಕೈಗೆ ಇನ್ನೂ ನಂಬಿಕೆ ಬಂದಿಲ್ಲ."

ಆರನೇ ಗೆರೆ ಮುಟ್ಟಿ, ಹೆಸರು ಇನ್ನೊಂದು ಸಲ ಕೇಳಿಸಿಕೊಂಡು, ಎಂಟರ್ ಒತ್ತಿದರು.